ತ್ಯಾವರೆಕೊಪ್ಪದಿಂದ ಹೊರಟ ಏಳು ಮೀನುಗಳು

ಶಿವಮೊಗ್ಗದಿಂದ ಸಾಗರದ ರಸ್ತೆ ಹಿಡಿದು ಸುಮಾರು 10 ಕಿಲೋಮೀಟರ್ ಹೋದರೆ ತ್ಯಾವರೆಕೊಪ್ಪ. ಈ ಹೆಸರು ಕೇಳಿದ ಕೂಡಲೇ ಎಲ್ಲರಿಗೂ ನೆನಪಾಗುವುದು ಅಲ್ಲಿನ ಹುಲಿ–ಸಿಂಹಧಾಮ. ನನಗೆ ಅದು ತವರೂರು. ಸಿಂಹದ ಗರ್ಜನೆ 8 ಕಿಲೋಮೀಟರ್ ದೂರದವರೆಗೂ ಕೇಳಿಸಬಲ್ಲದು ಎನ್ನುತ್ತಾರೆ. ನಮ್ಮ ಮನೆ ಅಷ್ಟು ದೂರವೂ ಇಲ್ಲ. ಬೆಳಗಿನ ಜಾವ ಕತ್ತಲಲ್ಲಿ ಆ ಗುಡುಗು ಕೇಳಿದರೆ ಹೊಸದಾಗಿ ಬಂದ ನೆಂಟರು ಎದ್ದು ಕೂರುತ್ತಾರೆ. ಅಪ್ಪನಿಗೆ ಮಾತ್ರ ಅದೇ ಅಲಾರಾಂ. ಎದ್ದವರು ಮುಖ ತೊಳೆಯುವ ಮೊದಲು ನಡುಮನೆಗೆ ಬಂದು ಅಕ್ವೇರಿಯಂನ ದೀಪ ಹಾಕುತ್ತಾರೆ.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಪ್ಪ ಅಮ್ಮ ಹೋದ ಮೇಲೆ ಒಬ್ಬರೇ ಆಗಿದ್ದರು. ಅವರ ಜೊತೆಗೆ ಮಾತಿಲ್ಲದ ಏಳು ಜೀವಗಳು: ಅಂಗೈ ಅಗಲದ ಎರಡು ಗೋಲ್ಡ್‌ಫಿಶ್, ಒಂದು ಗೌರಾಮಿ, ನೀಲಿ ಗೆರೆಯ ನಾಲ್ಕು ಜೀಬ್ರಾ ಮೀನು. ಗೋಲ್ಡ್‌ಫಿಶ್‌ಗಳನ್ನು ಅಮ್ಮನೇ ಆರಿಸಿ ತಂದಿದ್ದು. ಹಾಗಾಗಿ ಅವುಗಳ ವಯಸ್ಸು ಅಪ್ಪನಿಗೆ ಬೆರಳ ತುದಿಯಲ್ಲಿ ಗೊತ್ತು.

ಕಳೆದ ಮಳೆಗಾಲದ ಶುರುವಿನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಪಕ್ಕದ ಮನೆಯವರು ಬಂದು ನೋಡುವವರೆಗೂ ಒಂದು ಗಂಟೆ ನೆಲದ ಮೇಲೇ ಇದ್ದರಂತೆ. ‘ಇನ್ನು ಸಾಕು, ಬೆಂಗಳೂರಿಗೆ ಬನ್ನಿ’ ಎಂದು ನಾನು, ನಮ್ಮವರು ಇಬ್ಬರೂ ಹಿಡಿದುಕೊಂಡೆವು. ಅಪ್ಪ ಬೇರೆ ಏನೂ ಹೇಳಲಿಲ್ಲ. ಅಕ್ವೇರಿಯಂ ಕಡೆ ನೋಡಿ, ‘ಇವನ್ನೇನು ಮಾಡೋದು?’ ಎಂದರು.

ಪಕ್ಕದ ಮನೆಯವರು ಸುಲಭದ ದಾರಿ ಹೇಳಿದರು. ‘ಹೇಗೂ ಮಳೆ ಬಂದು ನೀರು ತುಂಬಿದೆ. ಕೆರೆಗೋ ತುಂಗಾ ಹೊಳೆಗೋ ಬಿಟ್ಬಿಡಿ, ಆರಾಮಾಗಿ ಬದುಕ್ಕೊಳ್ತವೆ.’ ನನ್ನ ಹತ್ತು ವರ್ಷದ ಮಗಳು ಪುಟ್ಟಿಗೂ ಅದು ಒಳ್ಳೆಯ ಕೆಲಸದ ಹಾಗೆ ಕಂಡಿತು. ಅಪ್ಪ ತಲೆ ಅಲ್ಲಾಡಿಸಿದರು. ‘ಇವು ಅಲ್ಲಿ ಬದುಕಲಿಲ್ಲ ಅಂದ್ರೆ ಇವಕ್ಕೆ ಕೇಡು. ಬದುಕಿದ್ರೆ ಹೊಳೆಗೆ ಕೇಡು’ ಎಂದರು. ಆ ಮಾತು ನಿಜ. ದಕ್ಷಿಣ ಅಮೆರಿಕದಿಂದ ಅಕ್ವೇರಿಯಂಗೆಂದು ತಂದ ಸಕ್ಕರ್ ಮೀನನ್ನು ಯಾರೋ ಹೀಗೇ ಕೆರೆ, ನದಿಗಳಿಗೆ ಬಿಟ್ಟರು. ಇವತ್ತು ದೇಶದ ಎಷ್ಟೋ ಕಡೆ ಅದು ಬೆಸ್ತರ ಬಲೆ ಹರಿಯುತ್ತ, ನಮ್ಮ ನೀರಿನ ಮೀನುಗಳ ಜಾಗ ಕಸಿಯುತ್ತ ಬೆಳೆದಿದೆ.

ಹಾಗಾದರೆ ಉಳಿದದ್ದು ಒಂದೇ ದಾರಿ. 300 ಕಿಲೋಮೀಟರಿಗೂ ಹೆಚ್ಚು ದೂರ, ಎಂಟು ಗಂಟೆಯ ಪ್ರಯಾಣ, ಏಳೂ ಮೀನು ಜೀವಂತವಾಗಿ ಬೆಂಗಳೂರು ಸೇರಬೇಕು. ‘ನೀವು ಮೊದಲು ಮೀನು ತಗೊಂಡು ಹೋಗಿ. ಅವು ಮುಟ್ಟಿದ ಸುದ್ದಿ ಬರಲಿ, ಆಮೇಲೆ ನನ್ನ ವಿಷಯ ನೋಡೋಣ’ ಎಂದುಬಿಟ್ಟರು ಅಪ್ಪ.

ನಾನು ಹೆದರಿದ್ದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಏಪ್ರಿಲ್ ರಜೆಯಲ್ಲಿ ಅಪ್ಪನಿಗೆಂದು ಬೆಂಗಳೂರಿನಿಂದ ಮೂರು ಚಿಕ್ಕ ಮೀನು ತಂದಿದ್ದೆ. ಅಂಗಡಿಯ ಹುಡುಗ ಚೀಲದಲ್ಲಿ ಸ್ವಲ್ಪವೇ ನೀರು ಹಾಕಿದ್ದ. ‘ಇಷ್ಟು ದೂರ ಹೋಗ್ಬೇಕು, ತುಂಬ ನೀರು ಹಾಕಪ್ಪ’ ಎಂದು ನಾನೇ ಹಟ ಮಾಡಿ ಚೀಲದ ಬಾಯಿವರೆಗೂ ತುಂಬಿಸಿದೆ. ಬಿಸಿಲಿಗೆ ಕಾರಿನ ಸೀಟಿನ ಮೇಲಿದ್ದ ಚೀಲ ತರೀಕೆರೆ ಬರುವ ಹೊತ್ತಿಗೆ ಬೆಚ್ಚಗಾಗಿತ್ತು. ಮೂರೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪುಟ್ಟಿ ಆವತ್ತು ಅಳಲಿಲ್ಲ. ‘ಅಮ್ಮ, ನೀನೇ ನೀರು ಹಾಕ್ಸಿದ್ದು’ ಎಂದಷ್ಟೇ ಹೇಳಿದಳು. ಆ ಮಾತು ನನಗೆ ಇನ್ನೂ ಕೇಳಿಸುತ್ತದೆ.

ಆಗಸ್ಟ್‌ನಲ್ಲಿ ಮೂರು ದಿನ ಸಾಲು ರಜೆ ಸಿಕ್ಕಿತು. ಊರಿಗೆ ಹೋದವರೇ ಮೊದಲ ದಿನ ಪುಟ್ಟಿಯ ಹಟಕ್ಕೆ ಸಫಾರಿಗೆ ಹೋದೆವು. 1988ರಲ್ಲಿ ಶುರುವಾದ ಧಾಮ ಇದು. ಜಾಲರಿ ಕಿಟಕಿಯ ಬಸ್ಸಿನಲ್ಲಿ ನಾವು ಬಂದಿಗಳು, ಹೊರಗೆ ಹುಲಿ ಸ್ವತಂತ್ರ. ಮಳೆಗೆ ತೊಯ್ದ ಸಿಂಹವೊಂದು ರಸ್ತೆಯಲ್ಲೇ ಮಲಗಿ ಬಸ್ಸನ್ನು ಐದು ನಿಮಿಷ ನಿಲ್ಲಿಸಿತು. ಇಳಿದ ಮೇಲೆ ಪುಟ್ಟಿ ಅಲ್ಲಿನ ಸಿಬ್ಬಂದಿಯೊಬ್ಬರನ್ನು ಹಿಡಿದುಕೊಂಡಳು. ‘ಅಂಕಲ್, ಬೇರೆ ಊರಿನ ಝೂಗೆ ಹುಲೀನ ಹೇಗೆ ಕಳಿಸ್ತೀರಾ?’

ಅವರು ನಗುತ್ತಲೇ ಹೇಳಿದರು. ಪ್ರಾಣಿಯ ಅಳತೆಗೆ ತಕ್ಕ ಗಟ್ಟಿ ಬೋನು ಮಾಡಿಸುತ್ತಾರೆ. ಹೊರಡುವ ದಿನ ಒಮ್ಮೆಲೇ ತಳ್ಳುವುದಿಲ್ಲ. ಮೊದಲೇ ಅದರೊಳಗೆ ಹೋಗಿ ಬಂದು ಅಭ್ಯಾಸವಾಗಲಿ ಎಂದು ಬಿಡುತ್ತಾರೆ. ಹೊರಡುವ ಮುಂಚೆ ಹೊಟ್ಟೆ ಬಿರಿಯುವಷ್ಟು ಊಟ ಹಾಕುವುದಿಲ್ಲ. ಒಳಗೆ ಗಾಳಿ ಇರಬೇಕು, ಬೆಳಕು ಕಡಿಮೆ ಇರಬೇಕು, ಗದ್ದಲ ಬೇಡ, ಬಿಸಿಲ ಹೊತ್ತು ಬೇಡ. ‘ದಾರೀಲಿ ಪದೇಪದೇ ತೆಗೆದು ನೋಡ್ಬಾರ್ದು. ನಮ್ಮ ಆತುರಕ್ಕೆ ಅವು ಹೆದರ್ತವೆ’ ಎಂದರು. ಪುಟ್ಟಿ ಬೆರಳು ಮಡಚಿ ಎಣಿಸಿಕೊಂಡಳು. ‘ಹೊಟ್ಟೆ ಖಾಲಿ, ಗಾಳಿ, ಕತ್ತಲೆ, ತಂಪು, ಮುಟ್ಟಬಾರ್ದು. ಮೀನಿಗೂ ಇದೇ ಅಲ್ವಾ ಅಜ್ಜ?’

‘ಹುಲಿ ವಿಷಯ ಇಲ್ಲಾಯ್ತು. ಮೀನಿನ ವಿಷಯಕ್ಕೆ ನಾಳೆ ಬೇರೆ ಕಡೆ ಹೋಗೋಣ’ ಎಂದರು ಅಪ್ಪ. ಆ ರಾತ್ರಿಯಿಂದ ಮೀನುಗಳಿಗೆ ಉಪವಾಸ ಶುರುವಾಯಿತು.

ಮರುದಿನ ಭದ್ರಾವತಿ ದಾಟಿ ಬಿ.ಆರ್. ಪ್ರಾಜೆಕ್ಟ್ ಕಡೆಗೆ ಹೊರಟೆವು. ಭದ್ರಾ ಅಣೆಕಟ್ಟೆಯ ಊರದು. ಅಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವಿದೆ. ಮಳೆಗಾಲ ಬಂತೆಂದರೆ ಕೆರೆ, ಕೃಷಿಹೊಂಡಗಳಿಗೆ ಬಿಡಲು ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿಗಳನ್ನು ಕೊಳ್ಳಲು ರೈತರು ಬರುತ್ತಾರೆ. ಕಾರ್ಖಾನೆಯಲ್ಲಿದ್ದಾಗ ಅಪ್ಪ ಸ್ನೇಹಿತರ ಜೊತೆ ಇಲ್ಲಿಗೆ ಬರುತ್ತಿದ್ದರಂತೆ.

ಮರಿ ಕಟ್ಟುವವರ ಕೈ ನೋಡಲು ನಾವು ಸುಮ್ಮನೆ ಒಂದು ಕಡೆ ನಿಂತೆವು. ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಭಾಗದಷ್ಟೇ ನೀರು. ಸಣ್ಣ ಜಾಲರಿ ಬಟ್ಟಲಿನಿಂದ ಮರಿಗಳನ್ನು ಅಳೆದು ಹಾಕಿದರು. ಒಂದು ಬಟ್ಟಲಿನ ಮರಿಗಳನ್ನು ಎಣಿಸಿದರೆ ಸಾಕು, ಆಮೇಲೆ ಬಟ್ಟಲಿನ ಲೆಕ್ಕ. ಚೀಲದ ಗಾಳಿಯನ್ನೆಲ್ಲ ಹಿಂಡಿ ತೆಗೆದು, ಸಿಲಿಂಡರಿನ ಕೊಳವೆ ಇಟ್ಟು ಆಕ್ಸಿಜನ್ ಬಿಟ್ಟರು. ಚೀಲ ಬಲೂನಿನ ಹಾಗೆ ಉಬ್ಬಿತು. ಬಾಯಿ ತಿರುಚಿ, ಮಡಚಿ, ದಾರದಿಂದ ಬಿಗಿದರು. ‘ನಿನ್ನೆಯಿಂದ ಇವಕ್ಕೆ ತಿನ್ನೋಕೆ ಕೊಟ್ಟಿಲ್ಲ. ಹೊಟ್ಟೆ ತುಂಬಿದ್ರೆ ದಾರೀಲಿ ಹೊಲಸು ಮಾಡ್ಕೊಂಡು ಅದೇ ನೀರಲ್ಲಿ ಸಾಯ್ತವೆ’ ಎಂದರು ಕಟ್ಟುತ್ತಿದ್ದವರು.

ನನ್ನ ತಪ್ಪು ಅಲ್ಲಿ ಅರ್ಥವಾಯಿತು. ಮೀನಿಗೆ ನೀರು ಬೇಕು, ನಿಜ. ಆದರೆ ನೀರಿನಲ್ಲಿ ಕರಗಿರುವ ಆಕ್ಸಿಜನ್ ತುಂಬ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ. 30 ಡಿಗ್ರಿಗೆ ಏರಿದರೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಅದೇ ಒಂದು ಲೀಟರ್ ಮಾಮೂಲಿ ಗಾಳಿಯಲ್ಲಿ ಇದರ ಮೂವತ್ತು ಪಟ್ಟು ಆಕ್ಸಿಜನ್ ಇರುತ್ತದೆ. ಚೀಲದಲ್ಲಿರುವ ಗಾಳಿಯೇ ಮೀನಿನ ಬುತ್ತಿ. ದಾರಿಯುದ್ದಕ್ಕೂ ಅದು ನೀರಿಗೆ ಕರಗುತ್ತ ಬರುತ್ತದೆ. ನಾನು ಪ್ರೀತಿಯಿಂದ ನೀರು ತುಂಬಿಸಿ ಬುತ್ತಿಯನ್ನೇ ಹೊರಗೆ ಚೆಲ್ಲಿದ್ದೆ. ಬಿಸಿಲು ಉಳಿದದ್ದನ್ನೂ ಕಿತ್ತುಕೊಂಡಿತ್ತು.

ಹಿಂತಿರುಗುವಾಗ ಅಪ್ಪ ಪುಟ್ಟಿಗೆ ಹಳೆಯ ಕಾಲದ ಕಥೆ ಹೇಳಿದರು. ಈಗ ಇಂಥ ಕೇಂದ್ರಗಳಲ್ಲಿ ಮೀನಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುತ್ತಾರೆ. ನಮ್ಮ ದೇಶದ ಗೆಂಡೆ ಮೀನುಗಳಲ್ಲಿ ಅದನ್ನು ಮೊದಲು ಸಾಧಿಸಿದ್ದು ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ, 1957ರ ಜುಲೈ 10ರಂದು, ಒಡಿಶಾದಲ್ಲಿ. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಅದಕ್ಕೂ ಮುಂಚೆ ಮರಿಗಳನ್ನು ಹೊಳೆಯಲ್ಲೇ ಹಿಡಿಯಬೇಕಿತ್ತು. ಬಂಗಾಳದ ಕಡೆ ಅವನ್ನು ಮಣ್ಣಿನ ಗಡಿಗೆಗಳಲ್ಲಿ ತುಂಬಿ ರೈಲಿನಲ್ಲಿ ದೂರದೂರಿಗೆ ಒಯ್ಯುತ್ತಿದ್ದರು. ಆಕ್ಸಿಜನ್ ಸಿಲಿಂಡರ್ ಎಲ್ಲಿಂದ ಬರಬೇಕು? ಜೊತೆಗೆ ಹೋದವರು ಗಡಿಗೆ ಕುಲುಕುತ್ತ, ಕೈಯಲ್ಲಿ ನೀರು ಚಿಮ್ಮಿಸುತ್ತ ಕೂರುತ್ತಿದ್ದರು. ನೀರು ಅಲುಗಿದಷ್ಟೂ ಗಾಳಿ ಬೆರೆಯುತ್ತದೆ.

‘ರಾತ್ರಿಯೆಲ್ಲ?’ ಎಂದಳು ಪುಟ್ಟಿ.

‘ರಾತ್ರಿಯೆಲ್ಲ. ನಿದ್ದೆ ಬಂತು ಅಂತ ಕೈ ನಿಲ್ಲಿಸಿದ್ರೆ ಬೆಳಿಗ್ಗೆ ಗಡಿಗೇಲಿ ಏನೂ ಉಳಿಯೋದಿಲ್ಲ.’

ಭಾನುವಾರ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಟ್ಟಲು ಕೂತೆವು. ನೀವೂ ಎಂದಾದರೂ ಮೀನು ಸಾಗಿಸಬೇಕಾಗಿ ಬಂದರೆ ಉಪಯೋಗಕ್ಕೆ ಬರಲಿ ಎಂದು ಮಾಡಿದ್ದನ್ನು ಮಾಡಿದ ಹಾಗೇ ಹೇಳುತ್ತೇನೆ.

ಮೊದಲ ಕೆಲಸ, ತೊಟ್ಟಿಯ ಹಳೆಯ ನೀರನ್ನೇ ಎರಡು 20 ಲೀಟರ್ ಕ್ಯಾನ್‌ಗಳಿಗೆ ತುಂಬಿಟ್ಟುಕೊಂಡಿದ್ದು. ಮೀನಿಗೆ ಒಗ್ಗಿದ ನೀರು ಅದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರಬಹುದು. ಜೀಬ್ರಾ ಮೀನುಗಳಿಗೆ ಎರಡು ಚೀಲ, ಒಂದೊಂದರಲ್ಲಿ ಎರಡು. ಗೌರಾಮಿಗೆ ಬೇರೆ ಚೀಲ. ಗೌರಾಮಿ ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನೂ ಉಸಿರಾಡುವ ಮೀನು. ಅದಕ್ಕೆ ಮೇಲೆ ಜಾಗ ಇರಲೇಬೇಕು. ಎಲ್ಲ ಚೀಲಕ್ಕೂ ಮೂರನೇ ಒಂದು ಪಾಲು ನೀರು, ಎರಡು ಪಾಲು ಗಾಳಿ. ಮೀನು ಕಡಿಮೆ ಇದ್ದುದರಿಂದ ಎಂಟು ಗಂಟೆಗೆ ಮಾಮೂಲಿ ಗಾಳಿಯೇ ಸಾಕು. ಆದರೆ ಬಾಯಿಂದ ಊದಬಾರದು, ನಮ್ಮ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು. ಚೀಲದ ಬಾಯಿ ಅಗಲಿಸಿ ಗಾಳಿ ಹಿಡಿದು ತಟ್ಟನೆ ತಿರುಚಿದರಾಯಿತು. ಚೀಲದ ಎರಡು ಮೂಲೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆವು, ಇಲ್ಲದಿದ್ದರೆ ಸಣ್ಣ ಮೀನು ಆ ಸಂದಿಯಲ್ಲಿ ಸಿಕ್ಕಿಕೊಂಡು ಜಜ್ಜಿಹೋಗುತ್ತದೆ. ಒಂದು ಸೋರಿದರೆ ಇನ್ನೊಂದಿರಲಿ ಎಂದು ಆ ಚೀಲವನ್ನು ತಲೆಕೆಳಗಾಗಿ ಮತ್ತೊಂದು ಚೀಲದೊಳಗೆ ಇಟ್ಟು ಕಟ್ಟಿದೆವು. ಮೂರನ್ನೂ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಅಡ್ಡಡ್ಡ ಮಲಗಿಸಿ, ಅಲುಗದಂತೆ ಸುತ್ತ ಹಳೆ ಪೇಪರ್ ತುರುಕಿ ಮುಚ್ಚಳ ಹಾಕಿದೆವು. ಅಡ್ಡ ಮಲಗಿಸಿದರೆ ಗಾಳಿಗೂ ನೀರಿಗೂ ತಾಗುವ ಜಾಗ ಹೆಚ್ಚು. ಒಳಗೆ ಕತ್ತಲೆ. ಕತ್ತಲಲ್ಲಿ ಮೀನು ಸುಮ್ಮನಿರುತ್ತದೆ, ಸುಮ್ಮನಿದ್ದರೆ ಉಸಿರೂ ಕಡಿಮೆ ಸಾಕು.

ಗೋಲ್ಡ್‌ಫಿಶ್ ದೊಡ್ಡವು. ಉಸಿರೂ ಹೆಚ್ಚು, ಹೊಲಸೂ ಹೆಚ್ಚು. ಅವಕ್ಕೆ ಮುಚ್ಚಳವಿರುವ 20 ಲೀಟರಿನ ಬಕೆಟ್, ಅದರಲ್ಲಿ ಅರ್ಧ ನೀರು. ಮುಚ್ಚಳಕ್ಕೆ ತೂತು ಮಾಡಿ ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಏರ್ ಪಂಪಿನ ಕೊಳವೆ ಇಳಿಬಿಟ್ಟೆವು. ಗುಳುಗುಳು ಎಂದು ಗುಳ್ಳೆ ಎದ್ದವು.

ಫಿಲ್ಟರಿನ ಸ್ಪಂಜನ್ನು ತೊಳೆಯಲಿಲ್ಲ. ಮೀನಿನ ಹೊಲಸನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲೇ ಮನೆ ಮಾಡಿರುತ್ತವೆ. ಒಣಗದಂತೆ ಹಳೆಯ ನೀರಿನಲ್ಲಿ ಒದ್ದೆಯಾಗಿಟ್ಟು ಡಬ್ಬಿಗೆ ಹಾಕಿದೆವು. ಗಾಜಿನ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಹೊದಿಕೆಯಲ್ಲಿ ಸುತ್ತಿದೆವು. ನೀರಿರುವ ತೊಟ್ಟಿಯನ್ನು ಎತ್ತಿದರೆ ಅಂಟು ಬಿಡುತ್ತದೆ, ಗಾಜೂ ಸೀಳಬಹುದು.

ಎಲ್ಲ ಕಾರಿಗೇರಿತು. ನೋಡಿದರೆ ಅಪ್ಪ ಪಂಚೆ ಬಿಟ್ಟು ಪ್ಯಾಂಟ್ ಹಾಕಿಕೊಂಡು, ಕೈಯಲ್ಲಿ ಚಿಕ್ಕ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

‘ನೀವು ಆಮೇಲೆ ಬರ್ತೀನಿ ಅಂದಿದ್ರಲ್ಲ ಅಪ್ಪ?’

‘ಬಕೆಟ್ ಹಿಡ್ಕೊಳ್ಳೋರು ಯಾರು? ಒಂದು ವಾರ ಇದ್ದು ಬರ್ತೀನಿ’ ಎಂದು ಹಿಂದಿನ ಸೀಟಿನಲ್ಲಿ ಕೂತು ಬಕೆಟ್ಟನ್ನು ಕಾಲುಗಳ ನಡುವೆ ಇಟ್ಟುಕೊಂಡರು. ಹೊರಡುವಾಗ ಸಿಂಹ ಒಮ್ಮೆ ಗುಡುಗಿತು. ಅಪ್ಪ ಕಿಟಕಿಯ ಗಾಜು ಇಳಿಸಿ ಕೇಳಿಸಿಕೊಂಡರು.

ಶಿವಮೊಗ್ಗ, ಭದ್ರಾವತಿ, ತರೀಕೆರೆ. ಆ ಊರು ಬಂದಾಗ ಪುಟ್ಟಿ ನನ್ನ ಮುಖ ನೋಡಿದಳು. ಪೆಟ್ಟಿಗೆ ತೆರೆಯಬೇಕೆಂದು ನನಗೆ ಕೈ ತುರಿಸಿತು. ‘ಅಮ್ಮ, ಮುಟ್ಟಬಾರ್ದು’ ಎಂದಳು. ಬೀರೂರಿನಲ್ಲಿ ಇಡ್ಲಿ, ಕಡೂರು ದಾಟಿತು. ಬಾಣಾವರ ಕಳೆದ ಮೇಲೆ ಕಾರಿನಲ್ಲಿ ಏನೋ ಕಡಿಮೆಯಾದ ಹಾಗನಿಸಿತು. ಗುಳುಗುಳು ನಿಂತಿತ್ತು.

ಬ್ಯಾಟರಿ ಬದಲಿಸಿದೆವು. ಪಂಪು ಅಲುಗಲಿಲ್ಲ. ಮೋಟಾರೇ ಹೋಗಿತ್ತು. ಅರಸೀಕೆರೆಯಲ್ಲಿ ಎರಡು ಮೂರು ಅಂಗಡಿ ಕೇಳಿದೆವು, ಭಾನುವಾರ, ಅಂಥದ್ದೇನೂ ಸಿಗಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಒಂದು ಗೋಲ್ಡ್‌ಫಿಶ್ ನೀರಿನ ಮೇಲೆ ಬಾಯಿ ಇಟ್ಟು ಪುಪ್ ಪುಪ್ ಎನ್ನುತ್ತಿತ್ತು. ಉಸಿರು ಸಾಲದಾದಾಗ ಮೀನು ಮಾಡುವುದೇ ಹಾಗೆ. ಅಪ್ಪ ಏನೂ ಮಾತಾಡಲಿಲ್ಲ. ಅವರ ಬೆರಳು ಬಕೆಟ್ಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

‘ಅಜ್ಜ, ಗಡಿಗೆ!’ ಎಂದಳು ಪುಟ್ಟಿ.

ಊಟದ ಬುಟ್ಟಿಯಲ್ಲಿದ್ದ ಸ್ಟೀಲ್ ಲೋಟ ತೆಗೆದು, ಬಕೆಟ್ಟಿನ ಒಂದು ಬದಿಯಲ್ಲಿ ಮೆಲ್ಲಗೆ ನೀರು ತುಂಬಿ ಒಂದು ಗೇಣು ಮೇಲಿನಿಂದ ಸುರಿದಳು. ಮತ್ತೆ ತುಂಬಿದಳು, ಮತ್ತೆ ಸುರಿದಳು. ತಿಪಟೂರಿನ ಹತ್ತಿರ ನಿಲ್ಲಿಸಿ ಬಕೆಟ್ಟಿನ ಮೂರನೇ ಒಂದು ಪಾಲು ನೀರು ತೆಗೆದು ಕ್ಯಾನಿನ ಹಳೆಯ ನೀರು ಹಾಕಿದೆವು. ಆಮೇಲೆ ಸರದಿ. ಪುಟ್ಟಿ ಸೋತರೆ ಅಪ್ಪ, ಅಪ್ಪ ಸೋತರೆ ನಾನು. ಗುಬ್ಬಿ ಬಂತು, ತುಮಕೂರು ಬಂತು. ಸೀಟೆಲ್ಲ ಒದ್ದೆ, ನಮ್ಮ ಬಟ್ಟೆಯೆಲ್ಲ ಮೀನಿನ ವಾಸನೆ. ಗೋಲ್ಡ್‌ಫಿಶ್ ಎರಡೂ ತಳಕ್ಕೆ ಇಳಿದು ರೆಕ್ಕೆ ಆಡಿಸುತ್ತಿದ್ದವು. ‘ನಿಂಗೆ ನಿದ್ದೆ ಬರ್ತಿದೆ, ಮಲಗು’ ಎಂದರೆ ‘ಕೈ ನಿಲ್ಲಿಸಿದ್ರೆ ಏನೂ ಉಳಿಯಲ್ಲ ಅಂದಿದ್ದು ನೀವೇ’ ಎಂದು ಅಜ್ಜನಿಗೇ ಹೇಳಿದಳು.

ಮಧ್ಯಾಹ್ನ ಎರಡಕ್ಕೆ ಮನೆ ಸೇರಿದೆವು. ತೊಟ್ಟಿಯನ್ನು ಜಾಗಕ್ಕಿಟ್ಟು, ಉಳಿದ ಹಳೆಯ ನೀರಿಗೆ ಕ್ಲೋರಿನ್ ತೆಗೆದ ಹೊಸ ನೀರು ಸ್ವಲ್ಪ ಸ್ವಲ್ಪವೇ ಬೆರೆಸಿ, ಸ್ಪಂಜ್ ಕೂಡಿಸಿದೆವು. ಚೀಲಗಳನ್ನು ಬಿಚ್ಚದೆ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟೆವು, ಒಳಗಿನ ತಂಪು ಹೊರಗಿನ ತಂಪು ಒಂದಾಗಲಿ ಎಂದು. ಚೀಲ ಬಿಚ್ಚಿದ ಮೇಲೆ ತಡ ಮಾಡಬಾರದು. ದಾರಿಯಲ್ಲಿ ಸೇರಿದ ಅಮೋನಿಯಾ ಗಾಳಿ ತಾಗಿದ ಮೇಲೆ ಹೆಚ್ಚು ವಿಷವಾಗುತ್ತದೆ. ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಟ್ಟು, ಚೀಲದ ನೀರನ್ನು ಚೆಲ್ಲಿದೆವು. ಆ ದಿನ ದೀಪವಿಲ್ಲ, ಊಟವಿಲ್ಲ.

ಏಳೂ ಬಂದಿದ್ದವು. ಪುಟ್ಟಿ ಎರಡು ಸಲ ಎಣಿಸಿದಳು. ಮೂರನೇ ದಿನ ಒಂದು ಜೀಬ್ರಾ ಮೀನು ಸತ್ತಿತು. ಎಲ್ಲ ಸರಿಯಾಗಿ ಮಾಡಿದರೂ ಹಾಗಾಗುತ್ತದೆ ಎಂದು ಅಪ್ಪನೇ ಅವಳಿಗೆ ಸಮಾಧಾನ ಹೇಳಿದರು. ಮಲ್ಲಿಗೆ ಕುಂಡದ ಮಣ್ಣಿನಲ್ಲಿ ಹೂತರು. ಕಲ್ಲಿನ ಹಿಂದೆ ಅಡಗಿದ್ದ ಗೌರಾಮಿ ನಾಲ್ಕನೇ ದಿನ ಹೊರಗೆ ಬಂತು.

ಮೊದಲ ದಿನದ ಬೆಳಗಿನ ಜಾವ ನಾನು ಎದ್ದಾಗ ಅಪ್ಪ ಆಗಲೇ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ‘ಇಲ್ಲಿ ಸಿಂಹ ಇಲ್ಲ, ಆದ್ರೂ ಎಚ್ಚರ ಆಗ್ಬಿಡ್ತು’ ಎಂದರು.

ವಾರ ಕಳೆಯಿತು. ಹೊಸ ಜಾಗದಲ್ಲಿ ತೊಟ್ಟಿಯ ನೀರು ಹದಕ್ಕೆ ಬರಲು ಒಂದು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಗೊತ್ತಿರುವವರು ಯಾರಾದರೂ ನೋಡಿಕೊಳ್ಳಬೇಕು ಎಂದು ಅಪ್ಪನೇ ಹೇಳಿದರು. ಈಗ ದೀಪಾವಳಿಯೂ ಮುಗಿದಿದೆ. ಪುಟ್ಟಿ ದಿನಾ ಶಾಲೆಗೆ ಹೊರಡುವಾಗ ಕೇಳುತ್ತಾಳೆ. ‘ಅಜ್ಜ, ನೀರು ಹದಕ್ಕೆ ಬಂತಾ?’

ಅಪ್ಪ ತೊಟ್ಟಿಯೊಳಗೆ ಇಣುಕಿ ನೋಡಿ, ‘ಇನ್ನೂ ಸ್ವಲ್ಪ ದಿನ ಬೇಕು’ ಎನ್ನುತ್ತಾರೆ.